ಬಾಗಲಕೋಟೆಯ ಬದಲಿ ಚಾಲಕರ ಸೇವೆ: ಐದು ಪ್ರಯಾಣ, ಇಬ್ಬರು ಚಾಲಕರು

ಅಕ್ಟೋಬರ್ ಕೊನೆಯ ವಾರ ಶಾಲೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದು ನನ್ನ ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್. ಅದೇ ಹೊತ್ತಿಗೆ ಅಪ್ಪನಿಗೆ ಬೆಳಗಾವಿಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು, ವಾರಕ್ಕೊಮ್ಮೆ ಹೋಗಿ ತೋರಿಸಿ ಬರಬೇಕಿತ್ತು. ಕಾರು ಮನೆಯ ಮುಂದೆ ನಿಂತಿದೆ, ಓಡಿಸುವವರಿಲ್ಲ. ಸಹೋದ್ಯೋಗಿಯೊಬ್ಬರು ನವನಗರದ ಈ ಬದಲಿ ಚಾಲಕರ ಸೇವೆಯ ಫೋನ್ ನಂಬರ್ ಕೊಟ್ಟರು. ಕಾರು ನಮ್ಮದು, ಡೀಸೆಲ್ ನಮ್ಮದು, ಚಾಲಕನನ್ನು ಅವರು ಕಳಿಸುತ್ತಾರೆ. ದಿನಕ್ಕೆ 900 ರೂಪಾಯಿ, ರಾತ್ರಿ ಎಂಟು ದಾಟಿದರೆ 200 ಹೆಚ್ಚು, ಚಾಲಕನ ಊಟದ ಖರ್ಚು ನಮ್ಮದು. ಒಟ್ಟು ಐದು ಸಲ ಕರೆಸಿಕೊಂಡೆ. ಇಂಥ ಸೇವೆಗೆ ನಂಬರ್ ಹುಡುಕುವವರು ದರಕ್ಕಿಂತ ಮೊದಲು ಏನನ್ನು ಕೇಳಬೇಕು ಎಂಬುದು ಈ ಆರು ವಾರಗಳಲ್ಲಿ ನನಗೆ ತಿಳಿಯಿತು. ಅದಕ್ಕಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾವು ಹೋಗುವುದು ರಾಯಚೂರು–ಬಾಚಿ ರಾಜ್ಯ ಹೆದ್ದಾರಿಯಲ್ಲಿ: ಗದ್ದನಕೇರಿ ಕ್ರಾಸ್, ಲೋಕಾಪುರ, ಯರಗಟ್ಟಿ, ನೇಸರಗಿ, ಸಾಂಬ್ರಾ. ಸುಮಾರು 140 ಕಿಲೋಮೀಟರ್. ಬಹುಪಾಲು ಹೋಗಲು ಒಂದು ಪಥ, ಬರಲು ಒಂದು ಪಥ, ನಡುವೆ ವಿಭಜಕವಿಲ್ಲ. ಎಂಟು ವರ್ಷಗಳಿಂದ ಈ ದಾರಿಯಲ್ಲಿ ನಾನೇ ಕಾರು ಓಡಿಸಿದ್ದೇನೆ, ತೆರಪು ಸಿಕ್ಕಲ್ಲೆಲ್ಲ 90ರಲ್ಲಿ ಓಡಿಸಿದ್ದೇನೆ. ಮುಂದೆ ಯಾರಾದರೂ ನಲವತ್ತರಲ್ಲಿ ತೆವಳುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಬೆನ್ನಿಗೇ ಅಂಟಿಕೊಂಡು ಹಾರ್ನ್ ಒತ್ತುತ್ತಿದ್ದೆ. ಕಬ್ಬಿನ ಹಂಗಾಮಿನಲ್ಲಂತೂ, ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಕೊಂಡ ದಿನ, ಮನೆಗೆ ಬಂದು ಸೇರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು.

ಮೊದಲ ದಿನ ಬಂದವರು ಅರವತ್ತರ ಹತ್ತಿರದ ಒಬ್ಬ ಹಿರಿಯರು. ನಾನು ಅವರನ್ನು ಕಾಕಾ ಎಂದೇ ಕರೆದೆ, ಅವರು ನನ್ನನ್ನು ಅಕ್ಕಾವರೇ ಎಂದರು. ಕೀಲಿ ತೆಗೆದುಕೊಂಡವರೇ ಒಳಗೆ ಕೂರಲಿಲ್ಲ, ಕಾರಿನ ಸುತ್ತ ಒಂದು ಸುತ್ತು ಬಂದರು. ನಾಲ್ಕೂ ಟೈರುಗಳ ಮೇಲೆ ಕೈಯಾಡಿಸಿದರು. ಹಿಂದಿನ ಎಡ ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದರು. ಅದು ನಿಜವಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಗಾಳಿ ತುಂಬಿಸಿಕೊಂಡು ಗದ್ದನಕೇರಿ ಕ್ರಾಸ್ ದಾಟಿದ ಮೇಲೆ ವೇಗದ ಮುಳ್ಳು 70ಕ್ಕೆ ಬಂದು ನಿಂತಿತು. ನಿಂತದ್ದು ನಿಂತೇ ಇತ್ತು.

ಲೋಕಾಪುರದವರೆಗೆ ಹೇಗೋ ತಡೆದುಕೊಂಡೆ. ದಾರಿ ಖಾಲಿ ಇದೆ, ಬಿಸಿಲು ಬಿದ್ದಿದೆ, ಎದುರಿಗೆ ಒಂದು ಗಾಡಿಯಿಲ್ಲ, ಆದರೂ ಎಪ್ಪತ್ತು. ನನ್ನ ಬಲಗಾಲು ತಾನಾಗಿಯೇ ಕಾರಿನ ನೆಲವನ್ನು ಒತ್ತುತ್ತಿತ್ತು. ಕೊನೆಗೆ, "ಕಾಕಾ, ಸ್ವಲ್ಪ ಬೇಗ ಹೋಗಬಹುದಲ್ಲ? ಹನ್ನೊಂದೂವರೆಗೆ ಡಾಕ್ಟರ್ ಭೇಟಿ ಇದೆ," ಎಂದೆ. ಅವರು ಗಡಿಯಾರ ನೋಡಿ, "ಹನ್ನೊಂದಕ್ಕೆ ಮುಟ್ಟುತ್ತೇವೆ, ಅಕ್ಕಾವರೇ. ಇದೇ ವೇಗಕ್ಕೆ ಲೆಕ್ಕ ಹಾಕಿಯೇ ಎಂಟು ಗಂಟೆಗೆ ಹೊರಟಿದ್ದು," ಎಂದರು. ಸಾಂಬ್ರಾ ದಾಟಿ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಗಂಟೆ ಹನ್ನೊಂದಾಗಿ ಐದು ನಿಮಿಷ.

ಇಳಿಯುವಾಗ ಅಪ್ಪ ಒಂದು ಮಾತು ಕೇಳಿದರು. "ಅವ್ವಾ, ನಿನ್ನ ಕಾರಿನಲ್ಲಿ ಆಗಾಗ ಬಡಿಯುತ್ತಿತ್ತಲ್ಲ, ಆ ಗಂಟೆ ಇವತ್ತು ಬಡಿಯಲೇ ಇಲ್ಲ. ಕೆಟ್ಟುಹೋಗಿದೆಯೇ?" 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ ವೇಗದ ಎಚ್ಚರಿಕೆ ಕಡ್ಡಾಯ. 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬಡಿದುಕೊಳ್ಳುತ್ತದೆ. ಇಷ್ಟು ವರ್ಷ ಅದು ಬಡಿಯುತ್ತಲೇ ಇತ್ತು, ನನ್ನ ಕಿವಿಗೆ ಬೀಳುವುದು ಯಾವಾಗಲೋ ನಿಂತಿತ್ತು. ಹಿಂದಿನ ಸೀಟಿನಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತ ಅಪ್ಪ ಪ್ರತಿ ಸಲವೂ ಕೇಳಿಸಿಕೊಳ್ಳುತ್ತಿದ್ದರು.

ನಾನು ಗಣಿತ ಕಲಿಸುವವಳು. ಆ ರಾತ್ರಿ ಎಡಗೈಯಲ್ಲೇ ಲೆಕ್ಕ ಹಾಕಿದೆ. ಊರುಗಳು, ರಸ್ತೆ ಉಬ್ಬುಗಳು, ಕ್ರಾಸ್‌ಗಳು, ಕಬ್ಬಿನ ಗಾಡಿಗಳ ಹಿಂದೆ ತೆವಳುವ ದಾರಿ ಇವನ್ನೆಲ್ಲ ಕಳೆದರೆ 140ರಲ್ಲಿ ನಿಜವಾಗಿ ಓಡಿಸಲು ಸಿಗುವುದು 80 ಕಿಲೋಮೀಟರ್. ಅದನ್ನು 90ರಲ್ಲಿ ಹೋದರೆ 53 ನಿಮಿಷ, 70ರಲ್ಲಿ ಹೋದರೆ 69 ನಿಮಿಷ. ಉಳಿಯುವುದು ಕಾಲು ಗಂಟೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲಿನಲ್ಲೇ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇವೆ.

ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಕಾಡಿತು. ಒಣ ರಸ್ತೆ, ಒಳ್ಳೆಯ ಟೈರು, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದು ಹಿಡಿದರೆ 70ರ ಕಾರು ಸುಮಾರು 46 ಮೀಟರ್‌ನಲ್ಲಿ ನಿಲ್ಲುತ್ತದೆ. 90ರ ಕಾರಿಗೆ ಸುಮಾರು 70 ಮೀಟರ್ ಬೇಕು. ಇಷ್ಟು ನನಗೆ ಮೊದಲೇ ಅಂದಾಜಿತ್ತು. ಆದರೆ 70ರ ಕಾರು ನಿಂತುಬಿಟ್ಟ ಅದೇ ಜಾಗದಲ್ಲಿ 90ರ ಕಾರು ಯಾವ ವೇಗದಲ್ಲಿ ಇರುತ್ತದೆ? ಬಿಡಿಸಿ ನೋಡಿದೆ. ಗಂಟೆಗೆ 65 ಕಿಲೋಮೀಟರ್. ಎರಡು ಸಲ ಬಿಡಿಸಿದೆ, ಅದೇ ಉತ್ತರ. ಒಂದು ಕಾರು ನಿಂತಿದೆ, ಇನ್ನೊಂದು ಅಲ್ಲೇ 65ರಲ್ಲಿ ಬಂದು ಗುದ್ದುತ್ತಿದೆ. ಮರುದಿನ ಹತ್ತನೇ ತರಗತಿಯಲ್ಲಿ ಈ ಲೆಕ್ಕವನ್ನು ಹಲಗೆಯ ಮೇಲೆ ಒಬ್ಬ ಹುಡುಗಿಯಿಂದ ಬರೆಸಿದೆ. ಇಡೀ ತರಗತಿ ಸುಮ್ಮನೆ ಕುಳಿತಿತ್ತು.

2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಕಾರುಗಳಿಗೆ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ 100, ಇಂಥ ಸಾಮಾನ್ಯ ರಸ್ತೆಯಲ್ಲಿ 70 ಎಂದು ಮಿತಿ ಹಾಕಿದ್ದರು. ಕಾಕಾ ಅದನ್ನು ಓದಿ ಎಪ್ಪತ್ತರಲ್ಲಿ ಹೋಗುತ್ತಿರಲಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿ ಆ ಸಂಖ್ಯೆಗೆ ಬಂದು ನಿಂತವರು ಅವರು.

ಎರಡನೆಯ ಪ್ರಯಾಣದಲ್ಲಿ ನಾನು ಕಾಕಾನ ಕೈಕಾಲುಗಳನ್ನು ಗಮನಿಸುತ್ತ ಕುಳಿತೆ. ಎಪ್ಪತ್ತರಲ್ಲಿ ಹೋಗುವಾಗ ಹಿಂದೆ ಯಾರಾದರೂ ಅವಸರದವರು ಬಂದರೆ ಕನ್ನಡಿಯಲ್ಲಿ ನೋಡಿ, ಮುಂದೆ ದಾರಿ ಖಾಲಿಯಾದ ಕೂಡಲೇ ಎಡಕ್ಕೆ ಸರಿದು, ವೇಗ ತಗ್ಗಿಸಿ, ಕಿಟಕಿಯಿಂದ ಕೈ ತೋರಿಸಿ ಕಳಿಸಿಬಿಡುತ್ತಿದ್ದರು. ಒಬ್ಬರನ್ನೂ ಕಾಯಿಸಲಿಲ್ಲ. ತಾವು ಮುಂದಿನ ಗಾಡಿಯನ್ನು ಹಿಂದಿಕ್ಕಬೇಕಾದಾಗ ಮಾತ್ರ ಬಹಳ ಹೊತ್ತು ಕಾಯುತ್ತಿದ್ದರು. ಯರಗಟ್ಟಿಯ ಈಚೆ ಒಂದು ಲಾರಿಯ ಹಿಂದೆ ಆರೇಳು ನಿಮಿಷ ಹೋದೆವು. "ಈಗ ಹೋಗಬಹುದಿತ್ತು," ಎಂದೆ. "ಕಂಬ ಎಣಿಸಿ, ಅಕ್ಕಾವರೇ," ಎಂದರು. ರಸ್ತೆಯ ಪಕ್ಕದ ವಿದ್ಯುತ್ ಕಂಬಗಳು. ಎದುರಿಗೆ ಎಂಟು ಕಂಬದಷ್ಟು ದಾರಿ ಪೂರ್ತಿ ಖಾಲಿ ಕಾಣದೆ ಲಾರಿಯ ಹಿಂದಿನಿಂದ ಹೊರಗೆ ಬರಬಾರದು ಎಂಬುದು ಅವರ ಲೆಕ್ಕ.

ಇದನ್ನೂ ಮನೆಗೆ ಬಂದು ಬಿಡಿಸಿದೆ. ಲಾರಿ 50ರಲ್ಲಿದೆ, ನಾವು 70ರಲ್ಲಿ. ಇಪ್ಪತ್ತು ಮೀಟರ್ ಹಿಂದಿನಿಂದ ಹೊರಟು ಲಾರಿಯ ಉದ್ದ ದಾಟಿ ಇಪ್ಪತ್ತು ಮೀಟರ್ ಮುಂದೆ ಹೋಗಿ ಮತ್ತೆ ಎಡಕ್ಕೆ ಸೇರಲು ಹತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ನಾವು ಓಡುವುದು 195 ಮೀಟರ್. ಎದುರಿನಿಂದ ಬರುವವನೂ ಎಪ್ಪತ್ತರಲ್ಲೇ ಇದ್ದರೆ ಅವನೂ ಅಷ್ಟೇ ಓಡಿರುತ್ತಾನೆ. ಒಟ್ಟು ಹತ್ತಿರ ಹತ್ತಿರ 400 ಮೀಟರ್. ಕಂಬದಿಂದ ಕಂಬಕ್ಕೆ ಐವತ್ತು ಮೀಟರ್ ಎಂದರೆ ಎಂಟು ಕಂಬ. ಇಷ್ಟು ವರ್ಷ ನಾನು ಹೊರಬರುತ್ತಿದ್ದುದು ಮೂರು, ಹೆಚ್ಚೆಂದರೆ ನಾಲ್ಕು ಕಂಬದ ತೆರಪಿನಲ್ಲಿ.

ಮೂರನೆಯ ಸಲ ಆಸ್ಪತ್ರೆಯಲ್ಲಿ ತಡವಾಗಿ, ಬೆಳಗಾವಿ ಬಿಡುವಾಗ ಆರು ಗಂಟೆ. ಕತ್ತಲಾದ ಮೇಲೆ ಕಾಕಾ 55ಕ್ಕೆ ಇಳಿದರು. ನಾನು ಈ ಸಲ ಏನೂ ಕೇಳಲಿಲ್ಲ. ಅವರೇ ಹೇಳಿದರು: "ನಮ್ಮ ದೀಪ ಎಲ್ಲಿಯವರೆಗೆ ಮುಟ್ಟುತ್ತದೆಯೋ ಅಷ್ಟರೊಳಗೆ ಗಾಡಿ ನಿಲ್ಲಬೇಕು." ಎದುರಿನವರಿಗಾಗಿ ದೀಪ ತಗ್ಗಿಸಿದಾಗ ನನ್ನ ಕಾರಿನ ಬೆಳಕು ಮುಟ್ಟುವುದು ನಲವತ್ತು, ಐವತ್ತು ಮೀಟರ್.

ಲೋಕಾಪುರ ಇನ್ನೂ ಮುಂದಿತ್ತು. ಎದುರಿನಿಂದ ಒಂದು ಲಾರಿ ಕಣ್ಣು ಕುಕ್ಕುವಂತೆ ದೀಪ ಹಾಕಿಕೊಂಡು ಬಂತು. ಅದು ದಾಟಿದ ಮರುಕ್ಷಣ ಬೆಳಕಿನಲ್ಲಿ ಕಂಡದ್ದು ರಸ್ತೆಯ ಮೇಲಿಟ್ಟ ಒಂದು ಕಲ್ಲು, ಅದರ ಆಚೆ ಒಂದು ಬೇವಿನ ಟೊಂಗೆ, ಅದರ ಆಚೆ ಕರ್ರಗಿನ ಗೋಡೆ. ಅಚ್ಚು ಮುರಿದು ನಿಂತ ಕಬ್ಬಿನ ಟ್ರೇಲರ್. ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ. ಕಾಕಾ ಬ್ರೇಕ್ ಒತ್ತಿದರು, ಟೈರು ಕಿರುಚಲಿಲ್ಲ, ಕಾರು ಕಲ್ಲಿನ ಈಚೆಯೇ ನಿಂತಿತು. ಮಗ್ಗುಲಿಗೆ ಚಾಚಿಕೊಂಡಿದ್ದ ಕಬ್ಬಿನ ಸೋಗೆ ನಮ್ಮ ದೀಪದ ಬೆಳಕಿನಲ್ಲಿ ಗಾಳಿಗೆ ಅಲ್ಲಾಡುತ್ತಿತ್ತು. ಕಿಟಕಿಯಿಂದ ಹಸಿ ಕಬ್ಬಿನ ವಾಸನೆ ಒಳಗೆ ಬಂತು. ಅಪ್ಪ ನಿದ್ದೆಯಿಂದ ಎಚ್ಚರವಾಗಿ, "ಊರು ಬಂತೇ?" ಎಂದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಉತ್ತರ ಕೊಡಲು ಆಗಲಿಲ್ಲ. ಕಾಕಾ ಎಚ್ಚರಿಕೆ ದೀಪ ಹಾಕಿ ಕಾರನ್ನು ಸುರಕ್ಷಿತವಾಗಿ ಪಕ್ಕಕ್ಕೆ ಸರಿಸಿ ನಿಲ್ಲಿಸಿದರು. ಇಳಿದು ಹೋಗಿ ಟ್ರ್ಯಾಕ್ಟರಿನ ಹುಡುಗನನ್ನು ಬಯ್ದು, ನಮ್ಮ ಕಾರಿನಲ್ಲಿದ್ದ ಕೆಂಪು ತ್ರಿಕೋನವನ್ನು ದೂರ ಒಯ್ದು ಇಟ್ಟು ಬಂದರು. ಅದನ್ನು ಅಲ್ಲೇ ಬಿಟ್ಟು ಬಂದೆವು. ಕಬ್ಬಿನ ಗಾಡಿಗಳ ಮಾಲೀಕರಲ್ಲಿ ಮತ್ತು ಕಾರ್ಖಾನೆಗಳವರಲ್ಲಿ ಕೈಮುಗಿದು ಕೇಳುತ್ತೇನೆ: ಪ್ರತಿ ಟ್ರೇಲರ್ ಹಿಂದೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿರಿ.

ನಾಲ್ಕನೆಯ ಸಲ ಕಾಕಾನ ಮನೆಯಲ್ಲಿ ಮದುವೆ. ಸೇವೆಯವರು ಬೇರೆ ಹುಡುಗನನ್ನು ಕಳಿಸಿದರು. ನನ್ನ ದೂರು ಇರುವುದು ಇಲ್ಲಿ. ಒಳ್ಳೆಯ ಹುಡುಗ, ನಯವಾದ ಮಾತು. ಆದರೆ ಹೆದ್ದಾರಿಯಲ್ಲಿ ಓಡಿಸಿದ ಅನುಭವವೇ ಇರಲಿಲ್ಲ. ಹಗಲು ಹೊತ್ತು, ಖಾಲಿ ದಾರಿ, ನಲವತ್ತು. ಅದೂ ನಡುಗೆರೆಯನ್ನು ಹಿಡಿದುಕೊಂಡು. ಎದುರಿಗೆ ಗಾಡಿ ಕಂಡರೆ ಸಾಕು, ಕಾರಣವಿಲ್ಲದೆ ಬ್ರೇಕ್. ಪಕ್ಕದ ಕನ್ನಡಿಯಲ್ಲಿ ಎಣಿಸಿದೆ, ನಮ್ಮ ಹಿಂದೆ ಹನ್ನೊಂದು ಗಾಡಿಗಳು. ಆ ಹನ್ನೊಂದರಲ್ಲಿ ನನ್ನಂಥವರು ಎಷ್ಟು ಮಂದಿ ಇದ್ದಾರೆ, ಅವರ ಮೈ ಹೇಗೆ ಉರಿಯುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನೇಸರಗಿಗೆ ಮೊದಲು ಒಂದು ತಿರುವಿನಲ್ಲಿ ಹಿಂದಿನ ಬಸ್ಸು ತಾಳ್ಮೆ ಕಳೆದುಕೊಂಡು ಹೊರಬಂತು. ಎದುರಿಗೆ ಹಾಲಿನ ವ್ಯಾನ್. ವ್ಯಾನಿನವನು ರಸ್ತೆ ಬಿಟ್ಟು ಮಣ್ಣಿಗೆ ಇಳಿದದ್ದರಿಂದ ಎಲ್ಲರೂ ಉಳಿದರು.

ಬಸ್ಸಿನವನ ತಪ್ಪು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಾರಿನ ತಪ್ಪೂ ಇತ್ತು. ಹುಡುಗನಿಗೆ ಎಡಕ್ಕೆ ನಿಲ್ಲಿಸಲು ಹೇಳಿದೆ. ಹನ್ನೊಂದೂ ಗಾಡಿಗಳು ಹೋಗಿಬಿಡಲಿ ಎಂದೆ. ಅವನು ಬೆವರುತ್ತಿದ್ದ. "ನಿಧಾನ ಹೋದರೆ ಕ್ಷೇಮ ಎಂದು ಎಲ್ಲರೂ ಹೇಳುತ್ತಾರಲ್ಲ, ಅಕ್ಕಾವರೇ," ಎಂದ. ನಿಧಾನ ಹೋಗು, ನನ್ನ ಅಡ್ಡಿಯಿಲ್ಲ, ಆದರೆ ಎಡಕ್ಕೆ ಹೋಗು, ಹಿಂದಿನವರಿಗೆ ದಾರಿ ಬಿಡು, ಅವರನ್ನು ಅರ್ಧ ಗಂಟೆ ಕಟ್ಟಿಹಾಕಬೇಡ ಎಂದು ಹೇಳಿದೆ. ನಲವತ್ತರಲ್ಲಿ ನಡುರಸ್ತೆ ಹಿಡಿದವನ ಮೇಲೆ ನನಗಿದ್ದ ಸಿಟ್ಟು ಇಂದಿಗೂ ಇದೆ, ಅದು ನ್ಯಾಯವಾದ ಸಿಟ್ಟು. ಎಪ್ಪತ್ತರಲ್ಲಿ ಎಡಕ್ಕೆ ಹೋಗುವವನ ಮೇಲೂ ಅದೇ ಸಿಟ್ಟು ಮಾಡುತ್ತಿದ್ದೆನಲ್ಲ, ಅದು ಅನ್ಯಾಯ.

ಮರುದಿನ ಸೇವೆಯವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ವಾದ ಮಾಡಲಿಲ್ಲ, ಅರ್ಧ ಹಣ ಹಿಂದಿರುಗಿಸಿದರು. ಆದರೆ ಹೆದ್ದಾರಿಗೆ ಯಾರನ್ನು ಕಳಿಸಬೇಕು ಎಂಬ ನಿಯಮ ತಮ್ಮಲ್ಲಿ ಇಲ್ಲ, ಯಾರು ಬಿಡುವಾಗಿದ್ದಾರೋ ಅವರನ್ನು ಕಳಿಸುತ್ತೇವೆ ಎಂದರು. ಇದು ಸರಿಯಲ್ಲ. ಊರೊಳಗೆ ಓಡಿಸುವವರು, ಹೊರಗೆ ಓಡಿಸುವವರು ಎಂದು ಎರಡು ಪಟ್ಟಿ ಮಾಡುವುದು ಕಷ್ಟವೇನಲ್ಲ. ಆ ಹುಡುಗನನ್ನೂ ನಾಲ್ಕಾರು ಸಲ ಕಾಕಾನ ಪಕ್ಕದಲ್ಲಿ ಕೂರಿಸಿ ಕಳಿಸಿದರೆ ಒಳ್ಳೆಯ ಚಾಲಕನಾಗುತ್ತಾನೆ. ಇನ್ನೆರಡು ಸಣ್ಣ ಕೊರತೆಗಳು: ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ, ಮತ್ತು ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಫೋನ್ ಎತ್ತುವವರಿಲ್ಲ.

ಐದನೆಯ ಸಲ ಕಾಕಾ ಬಂದರು. ಅಂದು ಬೆಳಗಾವಿಯಿಂದ ಧಾರವಾಡಕ್ಕೂ ಹೋಗುವ ಕೆಲಸವಿತ್ತು. ರಾಷ್ಟ್ರೀಯ ಹೆದ್ದಾರಿ 48ಕ್ಕೆ ಸೇರಿದ ಮೇಲೆ ಅವರೇ 85ಕ್ಕೆ ಏರಿಸಿದರು. ಗಂಟೆ ಬಡಿಯಿತು, ಅಪ್ಪ ನಕ್ಕರು. ವಿಭಜಕವಿದೆ, ಎದುರಿನಿಂದ ಯಾರೂ ಬರುವುದಿಲ್ಲ, ಇಲ್ಲಿ ಇಷ್ಟು ಸರಿ ಎಂದರು ಕಾಕಾ. ಕಿತ್ತೂರಿನವರೆಗೂ ಬಲಗಡೆಯ ಪಥದಲ್ಲಿ ನಲವತ್ತು, ಐವತ್ತರಲ್ಲಿ ಸಾಗುವ ಲಾರಿಗಳು ಸಿಕ್ಕುತ್ತಲೇ ಇದ್ದವು. ಆಗ ಕಾಕಾ ಕೂಡ ಉಸ್ಸೆಂದರು.

ದರಕ್ಕೆ ಹೋಲಿಸಿದರೆ ಸೇವೆ ಚೆನ್ನಾಗಿದೆ. ಐದಕ್ಕೆ ನಾಲ್ಕು ಅಂಕ, ಒಂದು ಅಂಕವನ್ನು ನಾಲ್ಕನೆಯ ಪ್ರಯಾಣಕ್ಕಾಗಿ ಕಳೆದಿದ್ದೇನೆ. ಕಾದಿರಿಸುವಾಗ "ಹೆದ್ದಾರಿಯಲ್ಲಿ ಎಷ್ಟು ವರ್ಷ ಓಡಿಸಿದ್ದಾರೆ?" ಎಂದು ಕೇಳಿರಿ, ಎರಡು ದಿನ ಮೊದಲೇ ಹೇಳಿರಿ. ನನ್ನ ಪ್ಲಾಸ್ಟರ್ ಕಳೆದ ಶನಿವಾರ ತೆಗೆದರು. ಹಗಲು ಹೊತ್ತು ಇನ್ನು ನಾನೇ ಓಡಿಸುತ್ತೇನೆ. ಕಬ್ಬಿನ ಹಂಗಾಮು ಮುಗಿಯುವವರೆಗೆ, ರಾತ್ರಿ ಮರಳಬೇಕಾದ ದಿನಗಳಿಗೆಲ್ಲ, ಕಾಕಾನನ್ನೇ ಕಾದಿರಿಸಿದ್ದೇನೆ. ಹೊಸ ಕೆಂಪು ತ್ರಿಕೋನ ಕೊಂಡಿದ್ದೇನೆ, ಎರಡು.