ಅಡಿಕೆ ಬೆಳೆಗಾರರು ಓದುವ ತಾಣಕ್ಕೆ ಯಾರ ಜಾಹೀರಾತು?

ನಮ್ಮ ತಾಣದಲ್ಲಿ ಇರುವುದು ಅಡಿಕೆ ತೋಟದ ವಿಷಯ ಮಾತ್ರ. ಓದುವವರು ಜಾಸ್ತಿ ಇಲ್ಲ. ಆದರೆ ಮಳೆಗಾಲ ಹತ್ತಿರ ಬಂತು ಅಂದರೆ ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಹುಡುಕಿಕೊಂಡು ಬರುತ್ತಾರೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅಷ್ಟು ನೋಡಿ ಫೋನ್ ಜೇಬಿಗೆ ಹಾಕಿ ತೋಟಕ್ಕೆ ಇಳಿಯುತ್ತಾರೆ. ಇಂಥವರಿಗೆ ಯಾವ ಜಾಹೀರಾತು ತೋರಿಸುವುದು? ನಾಲ್ಕು ದಾರಿ ಹಿಡಿದು ನೋಡಿದ್ದೇನೆ.

ಎಲ್ಲರಂತೆ ನಾನೂ ಶುರು ಮಾಡಿದ್ದು, ತಾಣದಲ್ಲಿ ಜಾಹೀರಾತು ಹಾಕಿ ಹಣ ಕೊಡುವ ಗೂಗಲ್ ಆಡ್‌ಸೆನ್ಸ್‌ನಿಂದ. ಕನ್ನಡ ಬರಹಕ್ಕೂ ನಡೆಯುತ್ತದೆ ಅನ್ನುವುದೇ ಅದರ ದೊಡ್ಡ ಗುಣ. ಗಳಿಕೆ 10 ಡಾಲರ್ ಮುಟ್ಟಿದಾಗ ಮನೆ ವಿಳಾಸಕ್ಕೆ ಪಿನ್ ಇರುವ ಕಾಗದ ಕಳಿಸುತ್ತಾರೆ. 100 ಡಾಲರ್ ಆದಮೇಲೆ ದುಡ್ಡು ಬ್ಯಾಂಕಿಗೆ. 2024ರಿಂದ ಲೆಕ್ಕ ಕ್ಲಿಕ್ಕಿಗಲ್ಲ, ಜಾಹೀರಾತು ಎಷ್ಟು ಸಲ ಕಾಣಿಸಿತು ಅನ್ನುವುದಕ್ಕೆ. ಜನ ಕಡಿಮೆ ಇರುವ ತಾಣಕ್ಕೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಕೊಳೆರೋಗದ ಪುಟದಲ್ಲಿ ಸ್ಪ್ರೇಯರ್ ಜಾಹೀರಾತೇ ಬರುತ್ತದೆ ಅಂದುಕೊಂಡಿದ್ದೆ. ಒಮ್ಮೊಮ್ಮೆ ಬರುತ್ತದೆ. ಆದರೆ ಜಾಹೀರಾತು ಬರುವುದು ಪುಟದ ವಿಷಯ ನೋಡಿ ಮಾತ್ರ ಅಲ್ಲ, ಓದುವವರ ಹಿಂದೆಯೂ ಬರುತ್ತದೆ. ನಿನ್ನೆ ಸೀರೆ ನೋಡಿದವರಿಗೆ ಮೈಲುತುತ್ತಿನ ಪಕ್ಕದಲ್ಲೂ ಸೀರೆ. ಅದು ತಪ್ಪು ಅಂತಲ್ಲ, ಆ ವ್ಯವಸ್ಥೆ ನಡೆಯುವುದೇ ಹಾಗೆ. ನಮ್ಮವರೆಲ್ಲ ಬೆಳೆಗಾರರು ಅನ್ನುವುದಕ್ಕೆ ಅಲ್ಲಿ ಬೇರೆ ರೇಟ್ ಸಿಗಲಿಲ್ಲ, ಅಷ್ಟೇ. ಬೇಡದ ಬಗೆಯ ಜಾಹೀರಾತುಗಳನ್ನು ತಡೆಯುವ ಆಯ್ಕೆ ಇದೆ. ಇದರ ಬೆಲೆ ನನಗೆ ಆಮೇಲೆ ತಿಳಿಯಿತು.

ಆಮೇಲೆ ಅಂದರೆ, ಇನ್ನೊಂದು ಜಾಹೀರಾತು ನೆಟ್‌ವರ್ಕ್‌ಗೆ ಹೋದಾಗ. ಹೆಸರು ಬೇಡ. ಒಂದೇ ದಿನದಲ್ಲಿ ಒಪ್ಪಿಗೆ, 5 ಡಾಲರ್ ಆದರೂ ಪಾವತಿ. ಓದುವವರು ಎಲ್ಲಿ ಮುಟ್ಟಿದರೂ ಹಿಂದೆ ಇನ್ನೊಂದು ಪುಟ ತೆರೆಯುವ ಜಾತಿಯ ಜಾಹೀರಾತುಗಳು. ಮೊದಲ ವಾರ ಗಳಿಕೆ ನೋಡಿ ಖುಷಿಯಾಯಿತು. ಎರಡನೇ ವಾರ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರ ಫೋನ್: "ಏನು ಮಾರಾಯ್ರೆ, ಮದ್ದಿನ ಅಳತೆ ನೋಡೋಕೆ ಬಂದ್ರೆ ಇಸ್ಪೀಟ್ ಆಡಿ ಅಂತಿದೆ!" ಅವತ್ತೇ ಕಿತ್ತು ಹಾಕಿದೆ.

ಅಮೆಜಾನ್‌ನ ಅಫಿಲಿಯೇಟ್ ಲಿಂಕ್, ಅಂದರೆ ನಮ್ಮ ಲಿಂಕಿನಿಂದ ಹೋಗಿ ಕೊಂಡರೆ ನಮಗೆ ಕಮಿಷನ್ ಸಿಗುವುದು, ಸಭ್ಯ ದಾರಿ. 180 ದಿನದಲ್ಲಿ ಮೂರು ಮಾರಾಟ ಆಗದಿದ್ದರೆ ಖಾತೆ ಹೋಗುತ್ತದೆ, ಅದೊಂದು ಗಡುವು. ಕೈಗವಸು, ಹೆಡ್‌ಲ್ಯಾಂಪ್, ಸಣ್ಣ ಸ್ಪ್ರೇಯರ್ ಹೋದವು. ದೊಡ್ಡದು ಹೋಗಲಿಲ್ಲ. ನಮ್ಮ ಬೆಳೆಗಾರರು ಮೈಲುತುತ್ತನ್ನು ಸೊಸೈಟಿಯಲ್ಲಿ ಲೆಕ್ಕ ಬರೆಸಿ ತರುವವರು. ಯಂತ್ರ ಬೇಕಾದರೆ ಅಂಗಡಿಗೆ ಹೋಗಿ ಎತ್ತಿ, ತೂಗಿ, ಚೌಕಾಸಿ ಮಾಡಿ ತರುವವರು.

ಆ ಅಂಗಡಿಯವರನ್ನೇ ಯಾಕೆ ಕೇಳಬಾರದು ಅಂತ ಹೊಳೆಯಲು ನನಗೆ ಇಷ್ಟು ದಿನ ಹಿಡಿಯಿತು. ಕಾರ್ಬನ್ ಫೈಬರ್ ದೋಟಿ (ಮರ ಹತ್ತದೆ ಮದ್ದು ಹೊಡೆಯಲು, ಕೊಯ್ಯಲು ಬಳಸುವ ಉದ್ದ ಕೋಲು) ಮಾರುವವರೊಬ್ಬರು ತಿಂಗಳಿಗೆ 1500 ರೂಪಾಯಿಗೆ ಒಪ್ಪಿದರು. ಯುಪಿಐನಲ್ಲಿ ಅರ್ಧ ನಿಮಿಷಕ್ಕೆ ಬಂತು. ಆಡ್‌ಸೆನ್ಸ್‌ನಲ್ಲಿ ಅಷ್ಟು ಕೂಡಲು ನನಗೆ ತಿಂಗಳುಗಳೇ ಬೇಕಿತ್ತು. ಅವರು ಕಳಿಸಿದ ಚಿತ್ರ ಮಾತ್ರ ದೇವರಿಗೇ ಪ್ರೀತಿ: ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಐದು ಫೋನ್ ನಂಬರ್. ಎರಡು ನಂಬರ್ ಉಳಿಸಿ ನಾನೇ ಹೊಸದು ಮಾಡಿಕೊಟ್ಟೆ. ಮೇಲೆ "ಜಾಹೀರಾತು" ಅಂತ ಬರೆದೆ, ಲಿಂಕಿಗೆ ಹಣ ಪಡೆದದ್ದು ಅನ್ನುವ ಗುರುತನ್ನೂ ಹಾಕಿದೆ. ಗೂಗಲ್ ಅದನ್ನು ಕೇಳುತ್ತದೆ. ಆದರೂ ಲೇಖನದಲ್ಲೇ ತಮ್ಮ ಸರಕಿನ ಪರ ಬರೆಯಿರಿ ಅಂತ ಕೇಳಿಕೊಂಡು ಬರುವವರು ಬರುತ್ತಾರೆ. "ಬೋರ್ಡೋ ಬೇಡ, ನಮ್ಮದೇ ಮದ್ದು ಹೊಡೀರಿ ಅಂತ ಬರೀರಿ" ಅಂದವರನ್ನು ಕೈಮುಗಿದು ಕಳಿಸಿದ್ದೇನೆ.

ಕಷ್ಟ ಇಲ್ಲದಿಲ್ಲ. ಪ್ರತಿ ತಿಂಗಳು ಫೋನ್ ಮಾಡಿ ಕೇಳಬೇಕು, ಅದು ನನಗೆ ಬಾರದ ವಿದ್ಯೆ. ಅಡಿಕೆ ರೇಟ್ ಇಳಿದರೆ "ಮುಂದಿನ ತಿಂಗಳು ನೋಡೋಣ ಸಾರ್" ಅನ್ನುತ್ತಾರೆ. ಹಾಗಾಗಿ ಮದ್ದು ಹೊಡೆಯುವ ಕಾಲಕ್ಕೆ ಮತ್ತು ಕೊಯ್ಲಿಗೆ ಮೇಲಿನ ಜಾಗ ದೋಟಿಯವರಿಗೆ. ಉಳಿದ ತಿಂಗಳು ಅದೇ ಜಾಗದಲ್ಲಿ ಆಡ್‌ಸೆನ್ಸ್, ಪುಟಕ್ಕೆ ಎರಡೇ. ಅಳತೆಯ ಪಟ್ಟಿಯ ಹತ್ತಿರ ಮಾತ್ರ ಏನೂ ಇಲ್ಲ. ತೋಟದ ನಡುವೆ ನಿಂತು, ಒದ್ದೆ ಬೆರಳಲ್ಲಿ ನೋಡುವ ಪುಟ ಅದು.