ಪಾಸ್‌ವರ್ಡ್ ಚೇಂಜ್ ಮಾಡಿದ್ರೂ ಕಳ್ಳ ಒಳಗೇ ಇದ್ದ, ಆಫೀಸ್ ಐಟಿ ನೋಡ್ಕೊಳ್ಳೋರು ದಯವಿಟ್ಟು ಓದಿ

ಬೆಂಗಳೂರಲ್ಲಿ ಒಂದು ಸಣ್ಣ ಕಂಪನಿಯ ಐಟಿ ನೋಡ್ಕೊಳ್ತೀನಿ. ನಮ್ ತರಾನೇ ಬಿಲ್ಲಿಂಗು, ಪೇರೋಲು, ಮೇಲು ಎಲ್ಲಾ ಕ್ಲೌಡಲ್ಲಿಟ್ಟು ಎಲ್ಲಕ್ಕೂ ಒಂದೇ ಲಾಗಿನ್ (ಎಸ್‌ಎಸ್‌ಒ) ಕೊಟ್ಟು ನೆಮ್ಮದಿಯಾಗಿರೋ ಆಫೀಸ್‌ಗಳು ಬೇಕಾದಷ್ಟಿವೆ, ಅವರಿಗೋಸ್ಕರ ಬರೀತಿದೀನಿ.

ಅಕೌಂಟ್ಸ್‌ನಲ್ಲಿರೋ ಹುಡುಗ ಒಬ್ಬ ಜಿಎಸ್‌ಟಿ ಲೆಕ್ಕ ತಾಳೆ ನೋಡೋ ಟೂಲ್ ಅಂತ ಯಾವ್ದೋ ಸೈಟಿಂದ ಒಂದು ಫೈಲ್ ಇಳಿಸ್ಕೊಂಡ, ಅದು ಬ್ರೌಸರ್‌ನಲ್ಲಿದ್ದ ಕುಕೀಗಳನ್ನೆಲ್ಲಾ (ನೀವು ಆಗ್ಲೇ ಲಾಗಿನ್ ಆಗಿದೀರಾ ಅಂತ ಆ್ಯಪ್‌ಗೆ ತೋರಿಸೋ ಗುರುತಿನ ಚೀಟಿ ಇದ್ದಂಗೆ) ಎತ್ಕೊಂಡು ಹೋಗೋ ಮಾಲ್‌ವೇರ್. ಕುಕೀ ಸಿಕ್ಕಿದ್ರೆ ಪಾಸ್‌ವರ್ಡೂ ಬೇಡ ಓಟಿಪಿನೂ ಬೇಡ, ಆಗ್ಲೇ ಲಾಗಿನ್ ಆಗಿರೋ ಸೆಷನ್ನೇ ಕಳ್ಳನ ಕೈಗೆ ಹೋಗತ್ತೆ. ಮಧ್ಯಾಹ್ನ ಲಾಗಿನ್ ಸಿಸ್ಟಮ್‌ನಿಂದ ಅಲರ್ಟ್ ಬಂತು. ತಕ್ಷಣ ಪಾಸ್‌ವರ್ಡ್ ಬದಲಾಯಿಸಿ, ಎಲ್ಲಾ ಕಡೆಯಿಂದ ಸೈನ್ ಔಟ್ ಮಾಡ್ಸಿ, ಲ್ಯಾಪ್‌ಟಾಪ್ ನೆಟ್‌ವರ್ಕಿಂದ ತೆಗೆದ್ವಿ. ಮಾಡ್ಬೇಕಾದ್ದೆಲ್ಲಾ ಮಾಡಿದ್ವಿ.

ಮಾರನೇ ದಿನ ಬೆಳಗ್ಗೆ ಹುಬ್ಬಳ್ಳಿಯ ಕಸ್ಟಮರ್ ಫೋನು. "ಸರ್ರ, ನಿಮ್ಮ ಬ್ಯಾಂಕ್ ಅಕೌಂಟ್ ಬದಲಾಗೇತೇನ್ರಿ?" ಅವರಿಗೆ ಹೋಗಿದ್ದ ಇನ್‌ವಾಯ್ಸ್ ತರಿಸ್ಕೊಂಡು ನೋಡಿದ್ರೆ ನಮ್ಮದೇ ಲೋಗೋ, ನಮ್ಮದೇ ಬಿಲ್ ನಂಬರ್, ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ, ಕೆಳಗೆ ಅಕೌಂಟ್ ನಂಬರು ಐಎಫ್‌ಎಸ್‌ಸಿ ಮಾತ್ರ ಬೇರೆ. ನಮ್ಮ ಬಿಲ್ಲಿಂಗ್ ಆ್ಯಪಿಂದಾನೇ ಹೋಗಿತ್ತು. ಅದರ ಸೆಷನ್ ಲಿಸ್ಟ್ ತೆಗೆದ್ರೆ ಆ ಹುಡುಗನ ಹೆಸರಲ್ಲಿ ಒಂದು ಸೆಷನ್ ಇನ್ನೂ ಆ್ಯಕ್ಟಿವ್, ನಾವು ಪಾಸ್‌ವರ್ಡ್ ಬದಲಾಯಿಸಿ ಒಂದು ರಾತ್ರಿ ಕಳೆದ ಮೇಲೂ! ಇನ್ನೊಬ್ರು ಕಸ್ಟಮರ್ ಆಗ್ಲೇ ದುಡ್ಡು ಹಾಕ್ಬಿಟ್ಟಿದ್ರು, ಪಾಪ, ಅವರದೇನೂ ತಪ್ಪಿಲ್ಲ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ಮೇಲೆ ಸ್ವಲ್ಪ ಹಣ ಹೋಲ್ಡ್ ಆಯ್ತು, ಎಲ್ಲಾ ಅಲ್ಲ.

ಆಗಿದ್ದಿಷ್ಟು. ಎಸ್‌ಎಸ್‌ಒ ಅನ್ನೋದು ಅಪಾರ್ಟ್‌ಮೆಂಟ್ ಗೇಟ್ ಇದ್ದಂಗೆ, ಒಳಗೆ ಬಿಡೋವಾಗ ಒಂದ್ಸಲ ನೋಡ್ತಾರೆ, ಆಮೇಲೆ ಕೇಳೋರಿಲ್ಲ. ಲಾಗಿನ್ ಆದ್ಮೇಲೆ ಬಿಲ್ಲಿಂಗ್ ಆ್ಯಪ್ ತನ್ನದೇ ಕುಕೀ ಕೊಟ್ಬಿಡತ್ತೆ, ಅದರ ಆಯಸ್ಸು 30 ದಿನ, ಅಲ್ಲೀವರೆಗೂ ಲಾಗಿನ್ ಸಿಸ್ಟಮ್‌ನ ತಿರುಗಿ ಕೇಳೋದೇ ಇಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಏನಂದ್ರೆ, ಲ್ಯಾಪ್‌ಟಾಪ್‌ನ ಆ್ಯಂಟಿವೈರಸ್‌ಗೆ ಬೆಳಗ್ಗೇನೇ ಗೊತ್ತಾಗಿತ್ತು, ಲಾಗಿನ್ ಸಿಸ್ಟಮ್‌ಗೆ ಮಧ್ಯಾಹ್ನ ಗೊತ್ತಾಯ್ತು, ದುಡ್ಡಿನ ವ್ಯವಹಾರ ಇರೋ ಆ್ಯಪ್‌ಗೆ ಮಾತ್ರ ಯಾರೂ ಹೇಳ್ಲೇ ಇಲ್ಲ.

ಹೇಳೋಕೆ ದಾರಿ ಇಲ್ಲ ಅಂತಲ್ಲ. ಗೂಗಲ್ 2019ರಲ್ಲೇ ಇದರ ಪ್ರಸ್ತಾಪ ಇಟ್ಟಿತ್ತು, ಓಪನ್‌ಐಡಿ ಫೌಂಡೇಶನ್‌ನವರು ಶೇರ್ಡ್ ಸಿಗ್ನಲ್ಸ್ ಫ್ರೇಮ್‌ವರ್ಕು, ಅದರ ಜೊತೆ ಕೇಪ್ (CAEP, ಸೆಷನ್ ಬದಲಾವಣೆ ತಿಳಿಸೋಕೆ) ಮತ್ತೆ ರಿಸ್ಕ್ (RISC, ಅಕೌಂಟ್ ಬದಲಾವಣೆ ತಿಳಿಸೋಕೆ) ಅನ್ನೋ ಎರಡು ಸ್ಟ್ಯಾಂಡರ್ಡ್‌ಗಳನ್ನ 2025ರ ಸೆಪ್ಟೆಂಬರ್‌ನಲ್ಲಿ ಫೈನಲ್ ಮಾಡಿದಾರೆ. ಸೆಷನ್ ರದ್ದಾಯ್ತು, ಪಾಸ್‌ವರ್ಡ್ ಬದಲಾಯ್ತು, ಡಿವೈಸ್ ಈಗ ನಂಬೋ ಹಾಗಿಲ್ಲ, ಇಂಥ ಸುದ್ದಿನ ಒಂದು ಸಿಸ್ಟಮ್ ಸಹಿ ಹಾಕಿದ ಮೆಸೇಜ್ ಮಾಡಿ ಇನ್ನೊಂದಕ್ಕೆ ಕಳಿಸತ್ತೆ, ತಗೊಂಡ ಆ್ಯಪ್ ತಕ್ಷಣ ಆ ಯೂಸರ್‌ನ ಹೊರಗೆ ಹಾಕ್ಬಹುದು. ಮೈಕ್ರೋಸಾಫ್ಟ್‌ನ ಕೆಲವು ಸರ್ವೀಸ್‌ಗಳಲ್ಲಿ ಇದೇ ಯೋಚನೆ ಆಗ್ಲೇ ಓಡ್ತಿದೆ, ಸುದ್ದಿ ತಲುಪೋಕೆ 15 ನಿಮಿಷದವರೆಗೂ ಆಗ್ಬಹುದು ಅಂತ ಅವರೇ ಬರ್ದಿದಾರೆ. 15 ನಿಮಿಷ ಆದ್ರೂ ಸರಿ, ನಮಗೆ ಇಡೀ ರಾತ್ರಿ ಹೋಯ್ತಲ್ಲ.

ನಮ್ಮ ಬಿಲ್ಲಿಂಗ್ ವೆಂಡರ್‌ನ ಬ್ರೋಷರ್‌ನಲ್ಲಿ "ನಿರಂತರ ರಕ್ಷಣೆ" ಅಂತ ದೊಡ್ಡದಾಗಿ ಹಾಕಿದಾರೆ. ಕೇಳಿದ್ರೆ ಸಪೋರ್ಟ್‌ನವರು "ಎಸ್‌ಎಸ್‌ಒ ಇದೆಯಲ್ಲ ಸರ್" ಅಂದ್ರು. ಇಂಥ ಮಾತು ನಂಬ್ಬೇಡಿ, ನೀವೇ ಟೆಸ್ಟ್ ಮಾಡಿ. ಒಂದು ಟೆಸ್ಟ್ ಅಕೌಂಟಲ್ಲಿ ಆ್ಯಪ್ ಓಪನ್ ಮಾಡಿಟ್ಕೊಳ್ಳಿ, ಲಾಗಿನ್ ಸಿಸ್ಟಮ್‌ನಲ್ಲಿ ಆ ಅಕೌಂಟನ್ನ ಡಿಸೇಬಲ್ ಮಾಡಿ, ಆಮೇಲೆ ಆ್ಯಪಲ್ಲಿ ಒಂದು ಇನ್‌ವಾಯ್ಸ್ ಮಾಡಿ ನೋಡಿ. ಆಗ್ತಾನೇ ಇದ್ರೆ ಎಷ್ಟೊತ್ತು ಆಗತ್ತೆ ಅಂತ ಗಡಿಯಾರ ನೋಡಿ ಬರ್ಕೊಳ್ಳಿ. ಕಾಂಟ್ರಾಕ್ಟ್ ರಿನ್ಯೂ ಮಾಡೋಕೆ ಮುಂಚೆ ಕೇಪ್ ಸಿಗ್ನಲ್ ತಗೋತೀರಾ, ಸೆಷನ್ ರದ್ದು ಅಂತ ಬಂದ್ರೆ ಏನ್ಮಾಡ್ತೀರಾ ಅಂತ ಮೇಲಲ್ಲಿ ಕೇಳಿ, ಫೋನಲ್ಲಿ ಬೇಡ.

ಅದಿಲ್ಲ ಅಂದ್ರೆ ಸೆಷನ್ ಆಯಸ್ಸನ್ನ ಕೆಲವೇ ಗಂಟೆಗೆ ಇಳಿಸಿ, ಬ್ಯಾಂಕ್ ಡೀಟೇಲ್ಸ್ ಬದಲಾಯಿಸ್ಬೇಕಾದ್ರೆ ಮತ್ತೆ ಲಾಗಿನ್ ಕೇಳೋ ಹಾಗೆ ಇಡಿ. ಏನಾದ್ರೂ ಆಗೋಯ್ತು ಅಂದ್ರೆ ಪಾಸ್‌ವರ್ಡ್ ಚೇಂಜ್ ಮಾಡಿ ಸುಮ್ನಾಗ್ಬೇಡಿ, ಒಂದೊಂದು ಆ್ಯಪ್‌ಗೂ ಹೋಗಿ ಕೈಯಾರೆ ಸೆಷನ್ ಕಿತ್ತಾಕಿ, ದುಡ್ಡಿರೋ ಆ್ಯಪ್ ಮೊದಲು. ಸರ್ಟ್‌-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ವಿಷಯ ಗೊತ್ತಾದ 6 ಗಂಟೆಯೊಳಗೆ ತಿಳಿಸ್ಬೇಕು ಅನ್ನೋ ನಿಯಮ 2022ರಿಂದ ಇದೆ, ಗಡಿಬಿಡಿಲಿ ಅದನ್ನ ಮರೀಬೇಡಿ.