ಮನೆಯಿಂದ ಕೆಲಸ: 25 ನಿಮಿಷಗಳ ಸುತ್ತುಗಳೋ, ಎರಡು ಗಂಟೆಗಳ ತನ್ಮಯತೆಯೋ?

ಮನೆಯಲ್ಲಿ ಕುಳಿತು ಕೆಲಸ ಮಾಡುವವರು ಏಕಾಗ್ರತೆಗಾಗಿ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ರೂಪಿಸಿದ ಪೊಮೊಡೊರೊ ಕ್ರಮದಲ್ಲಿ ಟೈಮರ್ ಇಟ್ಟು 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಾಲ್ಕು ಸುತ್ತು ಮುಗಿದ ಮೇಲೆ ತುಸು ದೀರ್ಘವಾದ ವಿರಾಮ. ಇನ್ನೊಂದು, ಬಾಗಿಲು ಮುಚ್ಚಿ ಎರಡು ಗಂಟೆ ಒಂದೇ ಕೆಲಸದಲ್ಲಿ ಮುಳುಗುವುದು.

ಇಮೇಲ್‌ಗಳಿಗೆ ಉತ್ತರಿಸುವಂಥ ಬಿಡಿ ಕೆಲಸಗಳಿಗೆ, ಅದರಲ್ಲೂ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ಮೊದಲನೆಯದೇ ಸೂಕ್ತ: ಟೈಮರ್ ಸದ್ದು ಮಾಡಿದೊಡನೆ ಬರುತ್ತೇನೆಂಬ ಮಾತನ್ನು ಮಗುವೂ ನಂಬುತ್ತದೆ. ಆದರೆ ವರದಿ ಬರೆಯುವಾಗ, ಕೋಡ್‌ನಲ್ಲಿ ದೋಷ ಹುಡುಕುವಾಗ ಅದೇ ಸದ್ದು ಯೋಚನೆಯ ಎಳೆಯನ್ನು ಕಡಿಯುತ್ತದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೊರಳಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆಂದು ನಿರ್ವಹಣಾಶಾಸ್ತ್ರದ ಸಂಶೋಧಕಿ ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಅರ್ಧ ಬರೆದ ವಾಕ್ಯಕ್ಕೆ ಮರಳಿ, ಅದು ಎತ್ತ ಹೊರಟಿತ್ತೆಂದು ತಿಳಿಯದೆ ಪರದೆಯನ್ನೇ ದಿಟ್ಟಿಸಿದವರಿಗೆಲ್ಲ ಇದರ ಅನುಭವವಿದೆ. ಹಾಗಾಗಿ ಆಳವಾದ ಕೆಲಸಕ್ಕೆ ಎರಡನೆಯದನ್ನೇ ನಾನು ಒತ್ತಿ ಹೇಳುತ್ತೇನೆ. ಅದಕ್ಕೆ ಮನೆಯವರ ಒಪ್ಪಿಗೆ ಮೊದಲೇ ಸಿಗಬೇಕು, ಮೊಬೈಲು ಪಕ್ಕದ ಕೋಣೆಯಲ್ಲಿರಬೇಕು. ಇವೆರಡೂ ಸಾಧ್ಯವಾಗದ ದಿನ ಟೈಮರ್ ಇಟ್ಟುಕೊಳ್ಳುವುದೇ ಲೇಸು.